ಹಲಗೆಯ ಮೇಲಿನ ಸುಟ್ಟ ಗೆರೆ

ಗುರುವಾರ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷವಿತ್ತು. ಲಿಯೊ ಮಜೂರ್ ಭೌತಶಾಸ್ತ್ರದ ಲ್ಯಾಬಿಗೆ ಬಂದು ತನ್ನ ಕನ್ನಡಿಗೆ ಹೊದಿಸಿದ್ದ ಬಟ್ಟೆ ಎತ್ತಿದ. ಕೆಳಗೆ ಕನ್ನಡಿ ಇರಲಿಲ್ಲ. ಮೇಜಿಗೆ ತಿರುಪು ಹಾಕಿ ಬಿಗಿದಿದ್ದ ಮರದ ಸ್ಟ್ಯಾಂಡ್ ಮಾತ್ರ ಬರಿದಾಗಿ ನಿಂತಿತ್ತು.

ಅವನು ಕೂಗಲಿಲ್ಲ. ಮೇಜಿನ ಕೆಳಗೆ ಬಗ್ಗಿ ನೋಡಿದ. ಕಪಾಟು ತೆರೆದ. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತ.

ಬಾಗಿಲಲ್ಲಿ ಎನಿಡ್ ಸೊರೆನ್ಸನ್ ನಿಂತಿದ್ದಳು. ಅವಳು ಶಾಲೆಯ ಪತ್ರಿಕೆಯ ಸಂಪಾದಕಿ. ಲಿಯೊನ ಬಗ್ಗೆ ನಾಲ್ಕು ಸಾಲು ಬರೆಯೋಣವೆಂದು ಬಂದಿದ್ದಳು. ಈಗ ಬರೆಯಬೇಕಾದ ಸುದ್ದಿಯೇ ಬೇರೆಯಾಗಿತ್ತು.

ಅದು ೧೯೫೨ರ ಏಪ್ರಿಲ್. ವಿಸ್ಕಾನ್ಸಿನ್‌ನ ಕಾಪರ್ ಬೆಂಡ್ ಎಂಬ ಊರು. ಲಿಯೊನ ಅಪ್ಪ ಫೌಂಡ್ರಿಯಲ್ಲಿ ಕಬ್ಬಿಣ ಎರೆಯುವವನು. ಮಗ ಎಂಟು ತಿಂಗಳು ಕೈಯಿಂದಲೇ ಗಾಜು ಉಜ್ಜಿ, ದೂರದರ್ಶಕಕ್ಕೆ ಆರಂಗುಲದ, ನಡು ತಗ್ಗಾದ ಕನ್ನಡಿ ಮಾಡಿದ್ದ. ಸೋಮವಾರವಷ್ಟೇ ಅದಕ್ಕೆ ಬೆಳ್ಳಿಯ ಲೇಪ ಹಾಕಿದ್ದರು. ಶನಿವಾರ ರಾಜ್ಯದ ರಾಜಧಾನಿಯಲ್ಲಿ ವಿಜ್ಞಾನ ಮೇಳ. ಶಾಲೆಗೆ ಒಂದೇ ಪ್ರವೇಶ. ಗೆದ್ದವರಿಗೆ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಉಚಿತ ಓದು. ಇದು ತಪ್ಪಿದರೆ ಲಿಯೊಗೆ ಫೌಂಡ್ರಿಯೇ ಗತಿ.

* * *

ಒಂಬತ್ತರ ಹೊತ್ತಿಗೆ ಪ್ರಾಂಶುಪಾಲರ ವಿಚಾರಣೆ ಮುಗಿದೇಹೋಗಿತ್ತು.

ಭೌತಶಾಸ್ತ್ರದ ಮೇಷ್ಟ್ರು ಲೈಲ್ ಬರ್ಡಿಕ್ ಹೇಳಿದ್ದಿಷ್ಟು: ನಿನ್ನೆ ಮೂರೂಕಾಲಿಗೆ ಲ್ಯಾಬಿಗೆ ಬೀಗ ಹಾಕಿದೆ. ಹಾಕುವ ಮುಂಚೆ ಬಟ್ಟೆ ಎತ್ತಿ ನೋಡಿದ್ದೆ. ಕನ್ನಡಿ ಇತ್ತು.

ಇನ್ನೊಂದು ಕೀಲಿ ಇದ್ದದ್ದು ಶಾಲೆಯ ಕಸ ಗುಡಿಸಿ, ಬಾಯ್ಲರ್ ನೋಡಿಕೊಳ್ಳುವ ಮುದುಕ ಎಮಿಲ್ ಹಾಸ್‌ನ ಹತ್ತಿರ ಮಾತ್ರ. ಸಾಲದ್ದಕ್ಕೆ ಅವನ ಉಗುರುಗಳ ಸಂದಿಯಲ್ಲಿ ಕೆಂಪು ಪುಡಿ ಕೂತಿತ್ತು. ಕನ್ನಡಿಗೆ ಹೊಳಪು ಕೊಡುವ ಪುಡಿ. ಕೀಲಿಗೊಂಚಲು ಕೊಟ್ಟು ನಾಳೆಯಿಂದ ಮನೆಯಲ್ಲಿರು, ಶಾಲಾ ಮಂಡಳಿ ತೀರ್ಮಾನಿಸುತ್ತದೆ ಎಂದರು ಪ್ರಾಂಶುಪಾಲರು. ಎಮಿಲ್ ಮರುಮಾತಾಡದೆ ಕೀಲಿ ಮೇಜಿನ ಮೇಲಿಟ್ಟ.

ಎನಿಡ್ ಅವನನ್ನು ಹುಡುಕಿಕೊಂಡು ನೆಲಮಾಳಿಗೆಗೆ ಇಳಿದಳು. ಅವನು ತನ್ನ ಸಾಮಾನು ಕಟ್ಟುತ್ತಿದ್ದ: ಚಹಾದ ಫ್ಲಾಸ್ಕು, ಕ್ಷೌರದ ಕನ್ನಡಿ, ಒಂದು ಹಳೆಯ ಸ್ವೆಟರು.

"ಈ ಕೆಂಪು ಎಲ್ಲಿಂದ ಬಂತು, ಹಾಸ್ ಅವ್ರೇ?"

ಅವನು ಮೂಲೆಯಲ್ಲಿದ್ದ ಎಣ್ಣೆ ಡ್ರಮ್ ತೋರಿಸಿದ. "ಅದರ ಮೇಲೆ ಗಾಜು ಇಟ್ಕೊಂಡು ಹುಡುಗ ದಿನಾ ಸಂಜೆ ಆ ಕೆಂಪು ಪುಡಿ ಹಾಕಿ ಉಜ್ತಾ ಸುತ್ತುತಿದ್ದ. ಅವನಿಗೆ ಕೈ ನೋವು ಬಂದಾಗ ನಾನೂ ನಾಕು ಸುತ್ತು ಹಾಕ್ತಿದ್ದೆ. ಇದು ಸೋಪಿಗೆ ಹೋಗೋದಲ್ಲ ಕಣಮ್ಮ."

"ಪ್ರಾಂಶುಪಾಲರಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹುಡುಗ ಒಬ್ಬನೇ ಮಾಡಿದ್ದಲ್ಲ ಅಂತ ಮೇಳದಲ್ಲಿ ತಕರಾರು ತೆಗೀತಾರೆ. ಅವನದ್ದು ಅವನದ್ದಾಗೇ ಇರ್ಲಿ."

ಎನಿಡ್ ಮೆಟ್ಟಿಲು ಹತ್ತಿದಳು. ಹುಡುಗನ ಹೆಸರು ಉಳಿಸಲು ತನ್ನ ಹೆಸರು ಕಳೆದುಕೊಳ್ಳುವವನು ಅದೇ ಹುಡುಗನ ಕನ್ನಡಿ ಕದ್ದಾನೆಯೇ?

* * *

ಹಾಗಾದರೆ ಯಾರು? ಅವಳ ಅನುಮಾನ ಮೊದಲು ಹೋದದ್ದು ವಾರೆನ್ ಸ್ಟಾಕ್‌ಡೇಲ್ ಮೇಲೆ. ಲಿಯೊ ಹೋಗದಿದ್ದರೆ ಮೇಳಕ್ಕೆ ಹೋಗುವವನು ಅವನೇ. ಊಟದ ಹೊತ್ತಿಗೆ ಕೇಳಿದಳು. ಅವನು ಸ್ಯಾಂಡ್‌ವಿಚ್ ಕೆಳಗಿಟ್ಟ.

"ನನ್ನ ಉಗಿಯಂತ್ರ ಹೋದ ವಾರವೇ ಸಿಡಿದುಹೋಗಿದೆ. ಲಿಯೊ ಹೋಗದಿದ್ರೆ ನಾನು ಏನು ತಗೊಂಡು ಹೋಗ್ಲಿ, ನಿನ್ನ ತಲೆನಾ?"

ಅವಳಿಗೆ ನಗು ಬಂತು, ನಾಚಿಕೆಯೂ ಆಯಿತು. ಊಹೆಯಿಂದ ಕೆಲಸವಾಗದು. ಜಾಗವನ್ನೇ ನೋಡಬೇಕು. ಬರ್ಡಿಕ್ ಮೇಷ್ಟ್ರನ್ನು ಕೇಳಿ ಕೀಲಿ ತೆಗೆದುಕೊಂಡಳು. ಅವರು ಅವಳ ಮುಖ ನೋಡದೆ ಕೀಲಿ ಕೊಟ್ಟರು.

ಬರ್ಡಿಕ್ ಎಂದರೆ ಅವಳಿಗೆ ಎಲ್ಲಿಲ್ಲದ ಗೌರವ. ಹುಡುಗಿಯರೆಲ್ಲ ಅಡುಗೆ, ಹೊಲಿಗೆಯ ತರಗತಿಗೆ ಹೋಗಬೇಕಾದ ಹೊತ್ತಿನಲ್ಲಿ ಅವಳನ್ನು ಹಟ ಹಿಡಿದು ಭೌತಶಾಸ್ತ್ರಕ್ಕೆ ಸೇರಿಸಿಕೊಂಡವರು ಅವರು. ಅವರು ಕಲಿಸಿದ ಹಾಗೆಯೇ ಈಗ ಕೋಣೆಯನ್ನು ಎಡದಿಂದ ಬಲಕ್ಕೆ ಅಂಗುಲ ಅಂಗುಲವಾಗಿ ನೋಡುತ್ತ ಬಂದಳು.

ಹಿಂಬದಿಯ ಗೋಡೆಯ ಮೇಲೆ ಒಂದು ಬಿಳಿಚಿದ ಚೌಕ. ವರ್ಷಗಟ್ಟಲೆ, ನಿನ್ನೆ ಬೆಳಿಗ್ಗೆಯವರೆಗೂ, ಅಲ್ಲಿ ತೂಗುತ್ತಿದ್ದ ಧಾತುಗಳ ಪಟ ಈಗ ಕಿಟಕಿಯ ಪಕ್ಕದ ಗೋಡೆಗೆ ಹೊಡೆದ ಮರದ ಹಲಗೆಯನ್ನು ಮುಚ್ಚಿತ್ತು. ಎನಿಡ್ ಪಟವನ್ನು ಎತ್ತಿದಳು. ಹಲಗೆಯ ಮೇಲೆ ಕಪ್ಪಗೆ ಸುಟ್ಟ ಗೆರೆ. ನಾಲ್ಕು ಬೆರಳಗಲದಷ್ಟು ಉದ್ದ.

ಅವಳು ಕಿಟಕಿಯತ್ತ ತಿರುಗಿದಳು. ಆಮೇಲೆ ಬರಿದಾದ ಸ್ಟ್ಯಾಂಡಿನತ್ತ. ನೆಲಮಾಳಿಗೆಗೆ ಓಡಿದಳು.

* * *

ಎರಡೂವರೆಗೆ ಲ್ಯಾಬಿನಲ್ಲಿ ಮೂವರಿದ್ದರು: ಎನಿಡ್, ಲಿಯೊ, ಎಮಿಲ್. ಸ್ಟ್ಯಾಂಡಿನಲ್ಲಿ ಎಮಿಲ್‌ನ ಕ್ಷೌರದ ಕನ್ನಡಿ ಕೂತಿತ್ತು. ನಿನ್ನೆಯ ಹಾಗೆಯೇ ಇವತ್ತೂ ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಕಿಟಕಿಯಿಂದ ಬಂದ ಬಿಸಿಲು ಕನ್ನಡಿಗೆ ಬಡಿದು ಹಲಗೆಯ ಮೇಲೆ ಬೆಳಕಿನ ಬಿಲ್ಲೆಯಾಗಿ ಬಿದ್ದಿತ್ತು. ಅದರ ನಡುವನ್ನು ಎನಿಡ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು. ಎರಡು ಮೂವತ್ತನಾಲ್ಕಕ್ಕೆ ಅದು ಗೆರೆಯ ಒಂದು ತುದಿ ಮುಟ್ಟಿತು. ಆಮೇಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಯುತ್ತ ಗೆರೆಯ ಉದ್ದಕ್ಕೂ ನಡೆಯಿತು.

ಬಾಗಿಲ ಸದ್ದಾಯಿತು. ಬರ್ಡಿಕ್ ಮೇಷ್ಟ್ರು ಒಳಗೆ ಬಂದರು. ಪಟ ಕೆಳಗಿರುವುದನ್ನು ಕಂಡರು. ಬೆಳಕನ್ನು ಕಂಡರು. ಅವರಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ.

ಬೆಳಕು ಗೆರೆಯ ಕೊನೆಗೆ ತಲುಪುವವರೆಗೆ ಅವರು ಅಲ್ಲೇ ನಿಂತು ನೋಡಿದರು.

"ಎಷ್ಟು ಗಂಟೆ?" ಎಂದರು ಅವರು.

"ಎರಡು ಐವತ್ತು, ಸರ್."

ಎನಿಡ್ ಹಲಗೆಯ ಗೆರೆಯನ್ನು ತೋರಿಸಿದಳು. ಆಮೇಲೆ ಹೇಳಿದಳು. ತಗ್ಗು ಕನ್ನಡಿ ಬಿಸಿಲನ್ನು ಒಂದೇ ಕಡೆ ಸೇರಿಸಿ ಮರವನ್ನು ಸುಡುತ್ತದೆ. ಸೂರ್ಯ ಸರಿದ ಹಾಗೆ ಸುಟ್ಟ ಗುರುತೂ ಸರಿಯುತ್ತದೆ. ಗೆರೆ ಶುರುವಾದಾಗ ಯಾರೋ ಬಟ್ಟೆ ತೆಗೆದಿದ್ದಾರೆ. ಗೆರೆ ನಿಂತಾಗ ಕನ್ನಡಿ ಸ್ಟ್ಯಾಂಡಿನಿಂದ ಹೋಗಿದೆ. ಕ್ಷೌರದ ಕನ್ನಡಿ ಸುಡದು, ಆದರೆ ಅದೇ ಸ್ಟ್ಯಾಂಡಿನಿಂದ ಬೆಳಕನ್ನು ಅದೇ ದಿಕ್ಕಿಗೆ ಎಸೆಯುತ್ತದೆ. ಒಂದು ದಿನದಲ್ಲಿ ಸೂರ್ಯನ ದಾರಿ ಅಷ್ಟೇನೂ ಬದಲಾಗುವುದಿಲ್ಲ. ಅಂದರೆ ನಿನ್ನೆ ಎರಡು ಐವತ್ತಕ್ಕೆ. ಆಗ ವಾರೆನ್ ಟೈಪಿಂಗ್ ತರಗತಿಯಲ್ಲಿ ಅವಳ ಪಕ್ಕದಲ್ಲೇ ಕೂತಿದ್ದ. ಎಮಿಲ್ ನೃತ್ಯದ ಸಮಾರಂಭಕ್ಕೆಂದು ಜಿಮ್ನಾಷಿಯಂನಲ್ಲಿ ಏಣಿ ಹತ್ತಿ ಬಣ್ಣದ ಕಾಗದ ಕಟ್ಟುತ್ತಿದ್ದ. ಹನ್ನೊಂದು ಹುಡುಗಿಯರು ಕೆಳಗೆ ನಿಂತು ನೋಡುತ್ತಿದ್ದರು.

"ಯಾರಾದ್ರೂ ಬಟ್ಟೆ ಮತ್ತೆ ಮುಚ್ಚಿದ್ರೂ, ಕನ್ನಡಿನ ವಾಪಸ್ ಇಟ್ಟಿದ್ರೂ, ಮೂರೂಕಾಲಿಗೆ ಬಟ್ಟೆ ಎತ್ತಿದಾಗ ನಿಮಗೆ ಈ ಸುಟ್ಟ ವಾಸನೆನೂ ಬರಬೇಕಿತ್ತು, ಗೆರೆನೂ ಕಾಣಬೇಕಿತ್ತು. ನೀವು ಒಂದನ್ನೂ ಹೇಳ್ಲಿಲ್ಲ. ಪಟ ಮಾತ್ರ ಜಾಗ ಬದಲಾಯಿಸ್ತು. ಮೂರೂಕಾಲಿಗೆ ಕನ್ನಡಿ ನೋಡಿದೆ ಅಂದಿರಲ್ಲ ಸರ್, ಆಗ ಅದು ಇರಲೇ ಇಲ್ಲ."

ಬರ್ಡಿಕ್ ತಮ್ಮ ಮೇಜಿನ ಕೆಳಗಿನ ಖಾನೆ ತೆರೆದು ಒಂದು ಟವೆಲ್ ಗಂಟು ತೆಗೆದರು. ಬಿಚ್ಚಿದರು. ಮೂರು ತುಂಡು.

ಅವರು ಹೇಳಿದ್ದು ಕಡಿಮೆ. ಬಿಡುವಿನ ಹೊತ್ತಿನಲ್ಲಿ ಕನ್ನಡಿಯ ಅಂದವನ್ನು ಬಿಸಿಲಿನಲ್ಲಿ ನೋಡುವ ಆಸೆಯಾಯಿತು. ಬಟ್ಟೆ ತೆಗೆದರು. ಅಷ್ಟರಲ್ಲಿ ಕಚೇರಿಯಿಂದ ಫೋನ್ ಬಂದಿದೆಯೆಂದು ಕರೆ ಬಂತು. ತಿರುಗಿ ಬಂದಾಗ ಹಲಗೆಯಿಂದ ಹೊಗೆ ಏಳುತ್ತಿತ್ತು. ಗಾಬರಿಯಲ್ಲಿ ಕನ್ನಡಿಯನ್ನು ಕಿತ್ತುಕೊಂಡರು. ಕೈ ಜಾರಿತು.

"ಇಪ್ಪತ್ತಾರು ವರ್ಷ ಹುಡುಗರಿಗೆ, ನಿಮ್ಮ ತಪ್ಪನ್ನ ನೀವೇ ಬರೆದಿಡಿ ಅಂತ ಹೇಳ್ಕೊಟ್ಟೆ. ನನ್ನ ಸರದಿ ಬಂದಾಗ ಹೆದರಿದೆ." ಅವರು ಎಮಿಲ್‌ನತ್ತ ತಿರುಗಿದರು. "ಬೆಳಿಗ್ಗೆ ನೀನು ಕೀಲಿ ಇಟ್ಟಿದ್ದು ನೋಡಿದೆ. ಆಗಲೂ ಬಾಯಿ ಬರಲಿಲ್ಲ ನನಗೆ. ಕ್ಷಮಿಸು ಎಮಿಲ್."

ಎಮಿಲ್ ಲಿಯೊನತ್ತ ಕೈ ತೋರಿಸಿದ. "ಮೊದಲು ಹುಡುಗನ್ನ ಕೇಳಿ" ಎಂದ.

ಲಿಯೊಗೆ ಆ ಮಾತು ಕೇಳಿಸಿದಂತಿರಲಿಲ್ಲ. ಅವನು ತುಂಡುಗಳಲ್ಲಿ ದೊಡ್ಡದನ್ನು ಎತ್ತಿ ಬಿಸಿಲಿಗೆ ಹಿಡಿದಿದ್ದ. ಹಲಗೆಯ ಮೇಲೆ ಸಣ್ಣ ಚುಕ್ಕೆ, ದುಂಡಗೆ, ಚೂಪಾಗಿ. "ಸರ್, ಒಡೆದ ಕನ್ನಡಿನೂ ಪೂರ್ತಿ ಚಿತ್ರ ಕೊಡುತ್ತೆ ಅಲ್ವಾ? ಬೆಳಕು ಮಾತ್ರ ಕಡಿಮೆ."

"ಹೌದು" ಎಂದರು ಬರ್ಡಿಕ್. ಅವರ ಕಣ್ಣು ತುಂಬಿ ಬಂದಿತ್ತು.

* * *

ಶುಕ್ರವಾರ ಬೆಳಿಗ್ಗೆ ಇಡೀ ಶಾಲೆಯ ಸಭೆಯಲ್ಲಿ ಬರ್ಡಿಕ್ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದರು. ಪ್ರಾಂಶುಪಾಲರು ಕೀಲಿಗೊಂಚಲನ್ನು ತಾವೇ ತಂದು ಎಮಿಲ್‌ನ ಕೈಗಿತ್ತರು. ಆರುನೂರು ಹುಡುಗ ಹುಡುಗಿಯರು ಚಪ್ಪಾಳೆ ತಟ್ಟಿದರು. ಮುದುಕ ಎಲ್ಲಿ ನೋಡಬೇಕೆಂದು ತಿಳಿಯದೆ ಕೀಲಿಗಳನ್ನೇ ಎಣಿಸುತ್ತ ನಿಂತ.

ಶನಿವಾರ ಮೇಳಕ್ಕೆ ಲಿಯೊನನ್ನು ಕಾರಿನಲ್ಲಿ ಕರೆದೊಯ್ದವರು ಬರ್ಡಿಕ್. ಲಿಯೊ ಒಡೆದ ತುಂಡನ್ನೇ ಕೊಳವೆಗೆ ಕೂರಿಸಿದ್ದ. ಎಮಿಲ್ ಎಷ್ಟು ಸುತ್ತು ಹಾಕಿದ್ದನೆಂಬುದನ್ನೂ ತೀರ್ಪುಗಾರರಿಗೆ ಮುಚ್ಚಿಡದೆ ಹೇಳಿದ. ಯಾರೂ ತಕರಾರು ತೆಗೆಯಲಿಲ್ಲ. ಮೊದಲ ಬಹುಮಾನ ಬರಲಿಲ್ಲ. ಎರಡನೆಯದು ಬಂತು. ಅದಕ್ಕೆ ಎರಡು ವರ್ಷದ ಓದು ಉಚಿತ. ಉಳಿದೆರಡು ವರ್ಷ ನಾನು ದುಡಿದುಕೊಳ್ಳುತ್ತೇನೆ ಎಂದ ಲಿಯೊ.

ಜೂನ್‌ನಲ್ಲಿ ಶಾಲೆಯ ವಾರ್ಷಿಕ ಪುಸ್ತಕ ಅಚ್ಚಾಯಿತು. ಕೊನೆಯ ವರ್ಷದವರು ಒಬ್ಬೊಬ್ಬರೂ ತಮ್ಮ ಚಿತ್ರದ ಕೆಳಗೆ ತಾವು ಋಣಿಯಾಗಿರುವ ಒಬ್ಬರ ಹೆಸರು ಬರೆಯಬೇಕಿತ್ತು. ಲಿಯೊ ಎಮಿಲ್ ಹಾಸ್ ಎಂದು ಬರೆದಿದ್ದ. ಎನಿಡ್ ಬರೆದದ್ದು ಲೈಲ್ ಬರ್ಡಿಕ್ ಎಂದು.

ಮೇಷ್ಟ್ರು ಪುಸ್ತಕ ಹಿಡಿದುಕೊಂಡೇ ಅವಳನ್ನು ಹುಡುಕಿಕೊಂಡು ಬಂದರು. ಇಷ್ಟೆಲ್ಲ ಆದಮೇಲೂ ನನ್ನ ಹೆಸರೇ ಯಾಕೆ ಎಂದು ಕೇಳಿದರು.

"ನಿಮ್ಮನ್ನ ಹಿಡಿಯೋ ಅಷ್ಟು ನಂಗೆ ಬೇರೆ ಯಾರೂ ಕಲಿಸಿರಲಿಲ್ಲ, ಸರ್" ಎಂದಳು ಎನಿಡ್.