ಅಂಚಿನ ಮೇಲಿನ ಹೆಸರು

2022ರ ಜೂನ್ ಒಂಬತ್ತು, ಗುರುವಾರ ಸಂಜೆ. ಐದು ಗಂಟೆಯ ಸುಮಾರಿಗೆ ಇಂಗ್ಲೆಂಡಿನ ಆಲ್ಡರ್‌ಶಾಟ್ ಪೊಲೀಸ್ ಠಾಣೆಗೆ ಒಂದು ಕರೆ ಬಂತು. ಗಂಡಸಿನ ದನಿ.

“ಮೆಡಲ್ ಅಂಗಡಿ ಐವಿ ಇದ್ದಾರಲ್ಲ, ಅವರು ಅಂಗಡಿಯ ನೆಲಮಾಳಿಗೇಲಿದ್ದಾರೆ. ಹೊರಗಿಂದ ಅಗುಳಿ ಹಾಕಿದೆ. ಬೇಗ ಹೋಗಿ.”

“ಯಾರು ಮಾತಾಡ್ತಿರೋದು?”

ಕರೆ ಕಡಿಯಿತು.

ಇನ್ಸ್‌ಪೆಕ್ಟರ್ ನೋರಾ ಟ್ರಾಂಟರ್ ಮತ್ತು ಕಾನ್‌ಸ್ಟೇಬಲ್ ತೇಜ್ ಗುರುಂಗ್ ಹೋದಾಗ ಅಂಗಡಿಯ ಮುಂಬಾಗಿಲಿಗೆ ಬೀಗವಿತ್ತು, ಹಿಂಬಾಗಿಲು ಬೀಗವಿಲ್ಲದೆ ಬರೀ ಮುಚ್ಚಿಕೊಂಡಿತ್ತು. ನೆಲಮಾಳಿಗೆಯ ಅಗುಳಿ ತೆಗೆದು ತೇಜ್ ದೀಪ ಹಾಕಿದ. ಸ್ವಿಚ್ಚು ಇದ್ದದ್ದು ಹೊರಗಡೆಯ ಗೋಡೆಯಲ್ಲಿ. ಕೆಳಗಿನ ಮೆಟ್ಟಿಲ ಮೇಲೆ ಐವಿ ಪೆನ್‌ಫೋಲ್ಡ್ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅರವತ್ತೇಳರ ಹೆಂಗಸು. ಮಣಿಕಟ್ಟು ಊದಿಕೊಂಡು ನೀಲಿಯಾಗಿತ್ತು.

“ಬಂದ್ರಾ? ಕೂಗಿ ಕೂಗಿ ಗಂಟಲೇ ಬಿದ್ದುಹೋಯ್ತು ನಂದು,” ಎಂದಳು. ಎದ್ದು ನಿಲ್ಲಲು ಹೋದವಳು ತೇಜ್‌ನ ತೋಳು ಹಿಡಿದು ಅಳತೊಡಗಿದಳು.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿದ ಮೇಲೆ ಹೇಳಿಕೆ ಕೊಟ್ಟಳು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ರಿಬ್ಬನ್ ತರಲು ಕೆಳಗಿಳಿದಿದ್ದಳು. ಮೇಲೆ ಹೆಜ್ಜೆ ಸಪ್ಪಳ ಕೇಳಿ “ಯಾರು?” ಎಂದು ಕೂಗಿದಳು. ಕೂಡಲೇ ಬಾಗಿಲು ಬಿತ್ತು, ದೀಪವೂ ಆರಿತು. ಕತ್ತಲಲ್ಲಿ ಮೆಟ್ಟಿಲು ಹತ್ತಲು ಹೋಗಿ ಉರುಳಿದಳು.

“ಮುಖ ನೋಡಿದ್ರಾ?” ಟ್ರಾಂಟರ್ ಕೇಳಿದಳು.

“ನನ್ನ ಕೈಯೇ ನಂಗೆ ಕಾಣ್ತಿರಲಿಲ್ಲ ಕಣಮ್ಮ.”

“ಒಳಗಿದ್ದಾಗ ಏನಾದ್ರೂ ಕೇಳಿಸ್ತಾ?”

“ಅವನು ಕೂಡ್ಲೇ ಹೋಗಲಿಲ್ಲ. ಬಾಗಿಲಾಚೆ ನಿಂತೇ ಇದ್ದ, ಉಸಿರು ಕೇಳಿಸ್ತಿತ್ತು. ಬಾಗಿಲು ತೆಗಿಯಪ್ಪ, ಯಾರಿಗೂ ಹೇಳಲ್ಲ ಅಂದೆ. ತೆಗೀಲಿಲ್ಲ.”

ಮರುದಿನ ಬೆಳಿಗ್ಗೆ ಅಂಗಡಿಯ ಮಹಜರು ನಡೆಯಿತು. ಐವಿ ಆಸ್ಪತ್ರೆಯಿಂದ ಸೀದಾ ಬಂದು ಒಂಟಿ ಕೈಯಲ್ಲೇ ಸೆಳೆಖಾನೆಗಳನ್ನು ಎಳೆದೆಳೆದು ನೋಡಿದಳು. ಬೋಯರ್ ಯುದ್ಧದ ಪದಕಗಳು, ಎರಡು ಮಹಾಯುದ್ಧದವು, ಸಂಗ್ರಹಕಾರರು ಬಾಯಿಬಾಯಿ ಬಿಡುವಂಥ ಒಂದು ಶೌರ್ಯಪದಕ ಎಲ್ಲವೂ ಇದ್ದ ಜಾಗದಲ್ಲೇ ಇದ್ದವು. ಹೋದದ್ದು ಒಂದೇ ಒಂದು: 1982ರ ಫಾಕ್‌ಲ್ಯಾಂಡ್ ಯುದ್ಧದ ಪದಕ.

“ಡೆನ್ನಿಸ್ ರಡ್ಕಿನ್‌ದು,” ಎಂದಳು ಐವಿ. “ಹೆಂಡ್ತಿ ಬ್ರೆಂಡಾ ಬುಧವಾರ ಮಧ್ಯಾಹ್ನ ತಂದುಕೊಟ್ಳು. ಹದಿನಾಲ್ಕನೇ ತಾರೀಕಿನ ಪರೇಡಿಗೆ ಹೊಸ ರಿಬ್ಬನ್ ಹಾಕಿಕೊಡಿ, ಅವನಿಗೆ ಹೇಳಬೇಡಿ ಅಂದ್ಳು. ನಾನಿನ್ನೂ ಪೊಟ್ಟಣ ಬಿಚ್ಚಿರಲಿಲ್ಲ.”

“ಎಂಥ ಪೆದ್ದ ಕಳ್ಳ,” ಎಂದ ತೇಜ್. “ಚಿನ್ನದ ಅಂಗಡಿಗೆ ನುಗ್ಗಿ ಬಾಗಿಲ ಚಿಲಕ ಕದ್ದ ಹಾಗಾಯ್ತು.”

ಟ್ರಾಂಟರ್ ನಗಲಿಲ್ಲ. ರಡ್ಕಿನ್ ಅವಳಿಗೆ ಗೊತ್ತಿದ್ದವನೇ. ಪ್ರತಿ ನವೆಂಬರಿನಲ್ಲಿ ಹುತಾತ್ಮರ ಸ್ಮಾರಕದ ಮುಂದೆ ಮಾಜಿ ಸೈನಿಕರ ಬಾವುಟ ಹಿಡಿದು ಮುಂದೆ ನಡೆಯುತ್ತಿದ್ದವನು. ಯುದ್ಧ ಮುಗಿದು ನಲವತ್ತು ವರ್ಷ ತುಂಬುವ ಈ ಮಂಗಳವಾರವೂ ಅವನೇ ನಡೆಯಬೇಕಿತ್ತು. ಬಂದೋಬಸ್ತಿಗೆ ನಿಂತಾಗ ಅವನಿಗೆ ಎಷ್ಟೋ ಸಲ ಸೆಲ್ಯೂಟ್ ಹೊಡೆದಿದ್ದಳು.

ರಡ್ಕಿನ್‌ನ ಮನೆಯಲ್ಲಿ ಬ್ರೆಂಡಾ ಚಹಾ ತಂದಿಟ್ಟಳು. ಅತ್ತತ್ತು ಅವಳ ಮೂಗು ಕೆಂಪಾಗಿತ್ತು.

“ಎಲ್ಲಾ ನನ್ನಿಂದಲೇ ಆಗಿದ್ದು. ಡ್ರಾಯರಲ್ಲಿ ತನ್ನ ಪಾಡಿಗೆ ತಾನಿತ್ತು. ರಿಬ್ಬನ್ ನೂಲು ಬಿಟ್ಟಿದೆ, ಹೊಸದು ಹಾಕ್ಸಿ ಖುಷಿಪಡಿಸೋಣ ಅಂತ…”

“ಪಾಪ, ಅವಳದ್ದೇನು ತಪ್ಪು,” ಎಂದ ರಡ್ಕಿನ್. ಅರವತ್ತೊಂದರ ಗಟ್ಟಿ ಆಳು, ಸ್ವಲ್ಪ ಕುಂಟುತ್ತಿದ್ದ. “ಐವಿ ಹೇಗಿದ್ದಾರೆ?”

“ಮಣಿಕಟ್ಟು ಮುರಿದಿದೆ. ಮೆಡಲ್ ಅಂಗಡೀಲಿತ್ತು ಅಂತ ನಿಮಗೆ ಯಾವಾಗ ಗೊತ್ತಾಯ್ತು?”

“ಇವತ್ತು ಬೆಳಿಗ್ಗೆ ನೀವು ಫೋನ್ ಮಾಡಿದಾಗಲೇ.”

ಬ್ರೆಂಡಾ ತಲೆಯೆತ್ತಿದಳು. “ಏನೋ ಡೆನ್, ಬುಧವಾರ ರಾತ್ರೀನೇ ಹೇಳಿದ್ನಲ್ಲೋ. ಮೆಡಲ್ ಕಾಣ್ತಿಲ್ಲ ಅಂತ ನೀನು ಡ್ರಾಯರೆಲ್ಲ ಕಿತ್ತುಹಾಕಿ ಮನೆ ತಲೆಕೆಳಗೆ ಮಾಡ್ತಿದ್ದೆ. ಗುಟ್ಟು ಹಾಳಾಯ್ತು ಅಂತ ನಾನು ಬೈಲಿಲ್ವಾ?”

“ಹ್ಞಾ… ಹೌದು, ಬುಧವಾರ. ತಲೇನೇ ಓಡ್ತಿಲ್ಲ ನಂಗೆ.”

ಟ್ರಾಂಟರ್ ಆ ಮಾತನ್ನು ಹಿಡಿದು ಎಳೆಯಲಿಲ್ಲ. “ನಿಮ್ಮ ಸೇನಾ ನಂಬರ್ ಕೊಡಿ. ಮೆಡಲಿನ ಅಂಚಿನಲ್ಲಿ ನಂಬರು, ಹುದ್ದೆ, ಹೆಸರು ಕೊರೆದಿರ್ತಾರಲ್ಲ? ವ್ಯಾಪಾರಿಗಳಿಗೆಲ್ಲ ತಿಳಿಸ್ತೀವಿ. ಎಲ್ಲಿ ಮಾರೋಕೆ ಹೋದ್ರೂ ಸಿಕ್ಕಿಬೀಳ್ತಾನೆ.”

ರಡ್ಕಿನ್ ನಂಬರು ಹೇಳಿದ. ಯಾವ ಸೈನಿಕನೂ ಸಾಯುವ ತನಕ ಮರೆಯದ ಆ ನಂಬರನ್ನು ಹೇಳಲು ಅವನು ಎರಡು ಸಲ ತಡವರಿಸಿದ.

ಹೊರಗೆ ಬಂದಾಗ ತೇಜ್ ಕೇಳಿದ, “ತನ್ನದೇ ಮೆಡಲ್ ತಾನೇ ಕದೀತಾನಾ ಮೇಡಂ? ಕೇಳಿದ್ರೆ ಐವಿನೇ ವಾಪಸ್ ಕೊಡ್ತಿದ್ರು.”

“ಕೇಳಿದ್ರೆ ಯಾಕೆ ಅಂತ ಹೇಳಬೇಕಿತ್ತು,” ಎಂದಳು ಟ್ರಾಂಟರ್. ಯಾಕೆ ಎಂಬುದು ಅವಳಿಗೂ ಆಗ ಗೊತ್ತಿರಲಿಲ್ಲ.

ಮಧ್ಯಾಹ್ನದೊಳಗೆ ಎರಡು ಉತ್ತರ ಬಂದವು. ಗುರುವಾರದ ಕರೆ ಹೋಗಿದ್ದು ರೈಲು ನಿಲ್ದಾಣದ ಸಾರ್ವಜನಿಕ ಫೋನಿನಿಂದ. ಅಲ್ಲಿನ ಕ್ಯಾಮೆರಾದಲ್ಲಿ ಕುಂಟುತ್ತಾ ಬಂದ ಒಬ್ಬ ಗಂಡಸು ಫೋನ್ ಎತ್ತಿ ಇಟ್ಟು, ಹೊರಗೆ ಹೋಗಿ, ಮತ್ತೆ ಒಳಗೆ ಬಂದು ಮಾತಾಡಿದ್ದು ಕಂಡಿತು. ಟೋಪಿ ಹಾಕಿದ್ದ. ಆದರೆ ಆ ನಡಿಗೆಯನ್ನು ಟ್ರಾಂಟರ್ ಬಾವುಟದ ಹಿಂದೆ ಎಷ್ಟೋ ಸಲ ನೋಡಿದ್ದಳು.

ಎರಡನೆಯದು ಸೇನೆಯ ದಾಖಲೆ ವಿಭಾಗದ್ದು. ರಡ್ಕಿನ್ ಸೈನಿಕನಾಗಿದ್ದದ್ದು ನಿಜ. ಆದರೆ ಅವನಿಗೆ ಫಾಕ್‌ಲ್ಯಾಂಡ್ ಪದಕವನ್ನು ಕೊಟ್ಟೇ ಇರಲಿಲ್ಲ. ಯುದ್ಧಕ್ಕೆ ಹಡಗು ಹೊರಟಾಗ ಅವನು ಕಣಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ.

ಟ್ರಾಂಟರ್ ಆ ಸಾಲನ್ನು ಎರಡು ಸಲ ಓದಿದಳು. ಪದಕವನ್ನು ಐವಿ ಕೈಗೆತ್ತಿಕೊಂಡು ಅಂಚಿನ ಹೆಸರು ಓದಿದ್ದರೆ ಅವನ ಗತಿ ಏನಾಗುತ್ತಿತ್ತು ಎಂಬುದು ಈಗ ಸ್ಪಷ್ಟವಾಯಿತು.

ಸಂಜೆ ಅವರು ಮತ್ತೆ ಹೋದಾಗ ರಡ್ಕಿನ್ ಹಿತ್ತಲ ಬೆಂಚಿನ ಮೇಲೆ ಕೂತಿದ್ದ. ಇವರನ್ನು ಕಂಡು ಏಳಲಿಲ್ಲ.

“ಮೆಡಲ್ ಎಲ್ಲಿದೆ, ಡೆನ್ನಿಸ್?”

ಅವನು ಅಂಗಿಯ ಜೇಬಿಗೆ ಕೈಹಾಕಿ ತೆಗೆದುಕೊಟ್ಟ. “ಕಾಲುವೆಗೆ ಎಸೆಯೋಕೆ ಹೋಗಿದ್ದೆ. ಆಗಲಿಲ್ಲ.”

ಟ್ರಾಂಟರ್ ಅದನ್ನು ಬೆಳಕಿಗೆ ಹಿಡಿದು ಅಂಚನ್ನು ಓದಿದಳು. “ಆಲನ್ ಹಿಬ್ಬರ್ಡ್. ಯಾರಿದು?”

“ನನ್ನ ಗೆಳೆಯ. ಕುಡಿದು ಬೈಕಿಂದ ಬಿದ್ದೋನು ನಾನು. ನನ್ನ ಜಾಗಕ್ಕೆ ಅವನನ್ನ ಹಾಕಿದ್ರು. ಅಲ್ಲೇ ಸತ್ತ. ಮೆಡಲನ್ನ ಅವರಮ್ಮ ನಂಗೆ ಕೊಟ್ರು, ನೀನು ಅವನ ಅಣ್ಣನ ಹಾಗಿದ್ದೆ ಅಂತ.”

ಬ್ರೆಂಡಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ.

“ಮದುವೆ ದಿನ ಹಾಕ್ಕೊಂಡಿದ್ಯಲ್ಲ,” ಎಂದಳು, “ಅದೂ ಇದೇನಾ?”

“ಇದೇ.”

“ಫೋಟೋದಲ್ಲಿ ಅದರ ಮೇಲೆ ಕೈಯಿಟ್ಟು ನಿಂತಿದ್ದೀನಲ್ಲೋ ನಾನು.”

ರಡ್ಕಿನ್ ನೆಲ ನೋಡಿದ. ಟ್ರಾಂಟರ್ ಅವನನ್ನು ಬಂಧಿಸಿರುವುದಾಗಿ ಹೇಳಿ, ಅವನ ಹಕ್ಕುಗಳನ್ನು ತಿಳಿಸಿದಳು. ಬೇರೆಯವರ ಪದಕ ಹಾಕಿಕೊಂಡು ಮೆರೆಯುವುದು ಆ ದೇಶದ ಕಾನೂನಿನಲ್ಲಿ ಈಗ ಅಪರಾಧವೇ ಅಲ್ಲ. ಐವಿಯ ಅಂಗಡಿಗೆ ನುಗ್ಗಿದ್ದಕ್ಕೆ, ಅವಳನ್ನು ಕೂಡಿಹಾಕಿದ್ದಕ್ಕೆ ಮತ್ತು ಅವಳ ಕೈ ಮುರಿದದ್ದಕ್ಕೆ ಕೇಸು ದಾಖಲಾಯಿತು.

ಠಾಣೆಯಲ್ಲಿ ವಕೀಲರು ಸುಮ್ಮನಿರಿ ಎಂದರೂ ಅವನು ಮಾತಾಡಿದ.

“ಇಡೀ ದಿನ ಆ ಮುದುಕೀನ ಕತ್ತಲಲ್ಲಿ ಬಿಟ್ಟಿರಿ,” ಎಂದಳು ಟ್ರಾಂಟರ್.

“ಅವರು ಕೂಗಿದಾಗ ಕೈ ತಾನಾಗೇ ಅಗುಳಿ ಹಾಕ್ತು. ಆಮೇಲೆ ತೆಗೆಯೋಕಾಗಲಿಲ್ಲ. ತೆಗೆದ್ರೆ ಮುಖ ನೋಡ್ತಾರೆ. ಮನೆಗೆ ಬಂದೆ, ಊಟಕ್ಕೆ ಕೂತೆ, ಇಳೀಲಿಲ್ಲ. ನನ್ನ ದೆಸೆಯಿಂದ ಒಬ್ಬ ಸತ್ತಿದ್ದಾನೆ ಮೇಡಂ. ಇನ್ನೊಬ್ಬರು ಬೇಡ ಅಂತ ಫೋನ್ ಮಾಡ್ದೆ.”

“ಈ ಸುಳ್ಳು ಶುರುವಾಗಿದ್ದು ಹೇಗೆ?”

ಸತ್ತವರ ಪದಕವನ್ನು ಮನೆಯವರು ಎದೆಯ ಬಲಗಡೆ ಹಾಕಿಕೊಳ್ಳುತ್ತಾರೆ, ಗಳಿಸಿದವನು ಎಡಗಡೆ. ಮೊದಲ ನವೆಂಬರಿನಲ್ಲಿ ರಡ್ಕಿನ್ ಬಲಗಡೆಯೇ ಚುಚ್ಚಿಕೊಂಡು ಹೋಗಿದ್ದ. ಒಬ್ಬ ಹಿರಿಯ ಸೈನಿಕ ಪಕ್ಕಕ್ಕೆ ಬಂದು, ತಪ್ಪು ಕಡೆ ಹಾಕಿದ್ದೀಯಲ್ಲಪ್ಪ ಎಂದು ನಗುತ್ತಾ ಬಿಚ್ಚಿ, ಎಡಗಡೆ ಚುಚ್ಚಿ, ಬೆನ್ನು ತಟ್ಟಿದ.

“ಆಗಲೇ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಸಂಜೆ ಪಬ್ಬಲ್ಲಿ ಎಲ್ಲರೂ ಕುಡಿಸಿದ್ರು. ಮುಂದಿನ ವರ್ಷ ಬಾವುಟ ಕೈಗೆ ಕೊಟ್ರು. ಆಮೇಲೆ ಬ್ರೆಂಡಾ ಸಿಕ್ಕಿದ್ಳು. ಯಾರಿಗೆ ಅಂತ ಹೇಳ್ಲಿ?”

“ಆಲನ್ ತಾಯಿಗೆ ಗೊತ್ತಾಗಲಿಲ್ವಾ?”

ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಮತ್ತೆ ಕೂತ. ತೇಜ್ ಧ್ವನಿಮುದ್ರಣ ಯಂತ್ರವನ್ನು ನಿಲ್ಲಿಸಬೇಕೇ ಎಂದು ಕಣ್ಣಲ್ಲೇ ಕೇಳಿದ. ಟ್ರಾಂಟರ್ ಬೇಡವೆಂದು ತಲೆಯಾಡಿಸಿದಳು.

“ಒಂದು ವರ್ಷ ಅವರು ಹೇಳದೆ ಪರೇಡ್ ನೋಡೋಕೆ ಬಂದಿದ್ರು,” ಎಂದ ರಡ್ಕಿನ್. “ಜನರ ಮಧ್ಯದಿಂದ ಸೀದಾ ನನ್ನ ಹತ್ರ ಬಂದ್ರು. ಎದೆ ನೋಡಿದ್ರು. ಎಲ್ಲಾ ಮುಗೀತು ಅಂದ್ಕೊಂಡೆ. ಮುಗೀಲಿ ಅಂತಲೂ ಇತ್ತು. ರಿಬ್ಬನ್ ಸೊಟ್ಟಗಿತ್ತಂತೆ. ಎರಡೂ ಕೈಯಿಂದ ನೆಟ್ಟಗೆ ಮಾಡಿ, ಕೆನ್ನೆ ಮುಟ್ಟಿ, ಬಸ್ ಹತ್ತಿ ಹೋಗ್ಬಿಟ್ರು. ಅವತ್ತು ಅವರೊಂದು ಮಾತು ಬೈದಿದ್ರೆ ನಾನು ಅಲ್ಲೇ ತೆಗೆದುಬಿಡ್ತಿದ್ದೆ, ಮೇಡಂ.”