ಮೊದಲ ಖಾನೆಯ ಮುತ್ತು

ಗೆದ್ದರೆ ಅಣ್ಣ ವಾಪಸ್ಸು; ಸೋತರೆ ತಂಗಿಯೂ ಪೆಟ್ಟಿಗೆಯೊಳಗೆ. ವ್ಯವಹಾರ ಇಷ್ಟೇ.

ಬಲು ಹಿಂದೆ ಜಾಲಪುರವೆಂಬ ರಾಜ್ಯವಿತ್ತು. ಅಲ್ಲಿ ಬಾಗಿಲು ತೆರೆಯಲೂ ದೀಪ ಹಚ್ಚಲೂ ಸ್ಕ್ರಿಪ್ಟ್ ಎಂಬ ಮಂತ್ರವನ್ನೇ ಬರೆಯುತ್ತಿದ್ದರು. ಬಿಡಿ ಸಾಮಾನನ್ನು ಒಟ್ಟಿಗೆ ಇಡಲು ಎರಡು ಬಗೆಯ ಮಾಯಾಪೆಟ್ಟಿಗೆಗಳಿದ್ದವು: ಖಾನೆಗಳಿಗೆ ಸಂಖ್ಯೆಯಿದ್ದ ಅರೇ, ಖಾನೆಗಳಿಗೆ ಹೆಸರಿದ್ದ ಆಬ್ಜೆಕ್ಟ್. ಮಾಂತ್ರಿಕ ಘೋರಟ ಊರಿನ ಪೆಟ್ಟಿಗೆಗಳನ್ನೆಲ್ಲ ಕಸಿದುಕೊಂಡ. ಬಿಡಿಸಲು ಹೋದ ನವಣೆ ವ್ಯಾಪಾರಿ ಸಂಕಣ್ಣ ಘೋರಟ ಒಡ್ಡಿದ ಮೊದಲ ಪರೀಕ್ಷೆಯಲ್ಲೇ ಸೋತು ಒಂದು ಪೆಟ್ಟಿಗೆ ಸೇರಿದ. ಅವನ ತಂಗಿ ದೇಮವ್ವ ಮೆಣಸಿನ ಪುಡಿಯ ಚೀಲ ಹೆಗಲಿಗೇರಿಸಿ ಕೋಟೆಗೆ ಹೋದಳು.

"ಬಾರಮ್ಮಾ, ಇನ್ನೊಂದು ಖಾನೆ ಖಾಲಿ ಇದೆ," ಎಂದು ಘೋರಟ ನಕ್ಕ.

"ಬಾಡಿಗೆ ಆಮೇಲೆ ಮಾತಾಡೋಣ. ಮೊದಲು ಸರಕು ತೋರಿಸು," ಎಂದಳು.

ಅವನು ಉದ್ದನೆಯ ಅರೇ ತಂದಿಟ್ಟ. "ಮೊದಲ ಖಾನೆಯ ಸಂಖ್ಯೆ ಹೇಳಿ ಮುತ್ತು ತೆಗೆ. ನಿನ್ನಣ್ಣ 'ಒಂದು' ಅಂದು ಕೆಟ್ಟ."

ದೇಮವ್ವ ಯೋಚಿಸಿದಳು. ನವಣೆ ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಅನ್ನುವವರುಂಟೇ? 'ಲಾಭ' ಅನ್ನುತ್ತಾರೆ, ಆಮೇಲೆ 'ಎರಡು'. ಚಿಕ್ಕಂದಿನಲ್ಲಿ ಅಣ್ಣನೇ ಕಲಿಸಿದ್ದ. ಮೊದಲನೆಯದಕ್ಕೆ ಒಂದು ಎನ್ನದ ಲೆಕ್ಕ ಅವಳಿಗೆ ಹೊಸದಲ್ಲ. ಇಲ್ಲಿ ಒಂದಕ್ಕೂ ಹಿಂದಿನದು ಯಾವುದು?

"ಸೊನ್ನೆ!"

ಖಾನೆ ತೆರೆಯಿತು. ಮುತ್ತು ಅಂಗೈಗೆ ಬಂತು.

ಎರಡು ತಲೆಯ ಕರಡಿಯೊಂದು ಆಬ್ಜೆಕ್ಟ್ ಹೊತ್ತು ತಂದಿತು. "ಇದರಿಂದ ದೀಪ ತೆಗೆ," ಎಂದ ಘೋರಟ. "ಮೂರನೆಯ ಖಾನೆ," ಎಂದಿತು ಕರಡಿಯ ಒಂದು ತಲೆ. "ಏಳನೆಯದು," ಎಂದಿತು ಇನ್ನೊಂದು.

"ಅಂಗಡೀಲಿ ಜೀರಿಗೆ ಬೇಕಾದ್ರೆ ಜೀರಿಗೆ ಅಂತಾರೆ, ಎಷ್ಟನೇ ಡಬ್ಬಿ ಅಂತಾರೇನೋ? ದೀಪ, ಹೊರಗೆ ಬಾ!"

ದೀಪ ಬಂತು. ಎರಡೂ ತಲೆಗಳು ಒಂದನ್ನೊಂದು ಬೈದುಕೊಂಡವು.

ಕೊನೆಗೆ ಘೋರಟ ಅಣ್ಣನಿದ್ದ ಆಬ್ಜೆಕ್ಟನ್ನೇ ತಂದ. ಅದರ ಒಂದು ಖಾನೆಗೆ 'ಸಂಕಣ್ಣ' ಎಂದು ಹೆಸರು. ಪಕ್ಕದ್ದಕ್ಕೆ 'ಘೋರಟನ ಶಕ್ತಿ'. ಒಂದೇ ಗೆರೆ ಮಂತ್ರ ಬರೆದ. ಅಂಥದೇ ಇನ್ನೊಂದು ಪೆಟ್ಟಿಗೆ ಎದ್ದು ನಿಂತಿತು.

"ಅಸಲು ನನಗೆ, ನಕಲು ನಿನಗೆ. ಬರೀ ನಕಲಿನಿಂದ ಅಣ್ಣನನ್ನು ತೆಗೆ ನೋಡೋಣ!"

ಒಂದೊಂದು ಖಾನೆಯನ್ನೂ ನಕಲು ಮಾಡದೆ ಒಂದೇ ಗೆರೆಯಲ್ಲಿ ಮುಗಿಸಿದನಲ್ಲ! ದೇಮವ್ವನಿಗೆ ಅನುಮಾನ ಬಂತು. ತನ್ನ ಪೆಟ್ಟಿಗೆಗೆ ಒಂದು ಹಿಡಿ ಮೆಣಸಿನ ಪುಡಿ ಸುರಿದಳು. ಅಸಲಿನೊಳಗೆ ಇಣುಕುತ್ತಿದ್ದ ಘೋರಟ "ಆಕ್ಷೀ!" ಎಂದ.

"ಇದು ನಕಲಲ್ಲ ಕಣಯ್ಯಾ, ಒಂದೇ ಪೆಟ್ಟಿಗೆಗೆ ಇನ್ನೊಂದು ಬಾಗಿಲು! ಸಂಕಣ್ಣ, ಹೊರಗೆ ಬಾ! ಘೋರಟನ ಶಕ್ತಿ, ಅಳಿದುಹೋಗು!"

ಅಣ್ಣ ಸೀನುತ್ತಲೇ ಹೊರಬಂದ. ಅಸಲಿನಲ್ಲೂ ಎರಡು ಖಾನೆ ಖಾಲಿ. ಘೋರಟ ಬರೀ ಮುದುಕನಾದ. ಅವನಿಗೆ ಚೀಲ ಹೊರುವ ಕೆಲಸ ಸಿಕ್ಕಿತು. ಜನರಿಗೆ ಅವರವರ ಪೆಟ್ಟಿಗೆ ಸಿಕ್ಕಿತು, ಜಾಲಪುರಕ್ಕೆ ನೆಮ್ಮದಿಯಾಯಿತು.

"ಕಲಿಸಿದವನು ನಾನು, ಮರೆತವನೂ ನಾನೇ," ಎಂದ ಸಂಕಣ್ಣ.

"ನೀನು ಕಲಿಸದಿದ್ದರೆ ನಾನೂ ಒಳಗೇ ಇರುತ್ತಿದ್ದೆ. ಇದು ನಿನ್ನ ಋಣ ಅಣ್ಣಾ."

ಮನೆಗೆ ಬಂದು ದೇಮವ್ವ ಗಳಿಕೆ ಎಣಿಸಿದಳು. ಮೊದಲು ಅಣ್ಣನ ಭುಜ ಮುಟ್ಟಿ "ಲಾಭ" ಎಂದಳು. ಮುತ್ತು, ಎರಡು. ದೀಪ, ಮೂರು.