ಎರಡನೆಯ ಈಡು

ಜನವರಿ ಒಂಬತ್ತು, ಮಂಗಳವಾರ. ಬೆಳಿಗ್ಗೆ ಒಂಬತ್ತೂವರೆಗೆ ನಿವೃತ್ತ ಸುಬೇದಾರ್ ಕೊಡಂಗೇರಂಡ ಅಚ್ಚಯ್ಯ ಹಣೆಗೆ ಟವೆಲು ಒತ್ತಿ ಹಿಡಿದುಕೊಂಡು ಕೂಟುಪೊಳೆ ಠಾಣೆಯ ಮೆಟ್ಟಿಲು ಹತ್ತಿದರು. ಟವೆಲಿನಲ್ಲಿ ರಕ್ತ ಒಣಗಿತ್ತು. ಅವರ ಹಿಂದೆ ಊರಿನ ಏಳೆಂಟು ಗಂಡಸರಿದ್ದರು. ಎಲ್ಲರೂ ಬಿಳಿ ಬಟ್ಟೆ ಉಟ್ಟಿದ್ದರು.

ಹೆಡ್ ಕಾನ್‌ಸ್ಟೆಬಲ್ ರುಕಿಯಾ ಮೊದಲು ನೋಡಿದ್ದು ಆ ಬಟ್ಟೆಗಳನ್ನು.

"ಯಾರು ತೀರಿಕೊಂಡ್ರು?"

"ಯಾರೂ ಇಲ್ಲಮ್ಮ. ಅದೇ ತೊಂದರೆ," ಎಂದರು ಅಚ್ಚಯ್ಯನವರ ಪಕ್ಕದ ತೋಟದ ಕುಶಾಲಪ್ಪ.

ಇನ್ಸ್‌ಪೆಕ್ಟರ್ ಪೆಮ್ಮಯ್ಯ ಒಳಗಿಂದ ಎದ್ದು ಬಂದು ತಾವೇ ಕುರ್ಚಿ ಎಳೆದು ಕೊಟ್ಟರು. ಪೆಮ್ಮಯ್ಯನಿಗೆ ಹತ್ತು ವರ್ಷವಾಗಿದ್ದಾಗ, ಕೋವಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಡುವುದನ್ನು ಕಲಿಸಿದವರು ಇದೇ ಅಚ್ಚಯ್ಯ. ಸೈನ್ಯದಲ್ಲಿಯೂ ಅವರ ಕೆಲಸ ಅದೇ ಆಗಿತ್ತು, ಹೊಸ ಹುಡುಗರಿಗೆ ಕೋವಿ ಹಿಡಿಯುವುದನ್ನು ಕಲಿಸುವುದು. ಪಾಠ ಕಲಿತವರಲ್ಲಿ ಇಬ್ಬರು ಈಗ ಕರ್ನಲ್‌ಗಳು.

"ಹೇಳಿ ಅಚ್ಚಯ್ಯಣ್ಣ. ಏನಾಯ್ತು?"

"ಏಳೂಮುಕ್ಕಾಲಿಗೆ ಅಂಗಳದಲ್ಲಿ ನಿಂತಿದ್ದೆ. ಕೆಳಗಿನ ತೋಟದ ಬೇಲಿ ಕಡೆಯಿಂದ ಯಾರೋ ಎರಡು ಈಡು ಹೊಡೆದ್ರು. ಚರೆ ಮಾಡಿನ ಹೆಂಚಿಗೆ ಬಡೀತು. ನಾನು ಬಗ್ಗೋಕೆ ಹೋಗಿ ಮೆಟ್ಟಿಲ ಮೇಲೆ ಬಿದ್ದೆ. ಹಣೆ ಒಡೀತು, ಬಲಗೈ ತರಚಿತು."

"ಯಾರನ್ನಾದ್ರೂ ನೋಡಿದ್ರಾ?"

"ಇಲ್ಲ."

"ಯಾರ ಮೇಲಾದ್ರೂ ಸಂಶಯ?"

ಅಚ್ಚಯ್ಯ ಟವೆಲನ್ನು ಮಗುಚಿ ಒತ್ತಿಕೊಂಡರು. "ನಾನು ಹೆಸರು ಹೇಳೋನಲ್ಲ. ಬೇಲಿ ಆಚೆ ಯಾರ ಹತ್ರ ಕೋವಿ ಸಿಕ್ಕಿತ್ತು ಅಂತ ನಿಮ್ಮ ಠಾಣೆಗೇ ಗೊತ್ತುಂಟಲ್ಲ."

ಗೊತ್ತಿತ್ತು. ಬೇಲಿಯ ಆಚೆ ಕೂಲಿಯವರ ಲೈನುಮನೆಗಳು. ಅಲ್ಲಿನ ಯರವ ಬುಡಕಟ್ಟಿನ ಬೊಳ್ಕನ ಮೇಲೆ ಎರಡು ವರ್ಷದ ಹಿಂದೆ ಕಾಡುಹಂದಿ ಹೊಡೆದ ಕೇಸು ದಾಖಲಾಗಿತ್ತು. ಅದರಲ್ಲಿ ಅವನು ಜಾಮೀನಿನ ಮೇಲಿದ್ದ.

ಎಫ್‌ಐಆರ್ ದಾಖಲಾಯಿತು. ಕುಶಾಲಪ್ಪ ಸಾಕ್ಷಿ ಹೇಳಿಕೆ ಕೊಟ್ಟರು.

"ಬೆನ್ನುಬೆನ್ನಿಗೆ ಎರಡು ಈಡು ಕೇಳಿಸ್ತು ಸಾರ್. ನಮ್ಮಲ್ಲಿ ಎರಡು ಅಂದ್ರೆ ಸಾವೇ ಅಲ್ವಾ. ಅಚ್ಚಯ್ಯನ ತಾಯಿಗೆ ಎಂಬತ್ತೆಂಟು. ಹೋದ್ರು ಪಾಪ ಅಂತ ಕಾಫಿ ಲೋಟ ಅಲ್ಲೇ ಇಟ್ಟು, ಬಿಳಿ ಬಟ್ಟೆ ಹಾಕ್ಕೊಂಡು ಓಡಿದ್ವಿ. ನನ್ನ ಹೆಂಡತಿ ಗೇಟಿನಿಂದಲೇ ಅಳು ಶುರು ಮಾಡಿದ್ಲು. ನೋಡಿದ್ರೆ ಚಿಣ್ಣವ್ವ ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕ್ತಾ ಇದ್ದಾರೆ. ಯಾರ್ರೋ ಹೋದದ್ದು ಅಂತ ನಮ್ಮನ್ನೇ ಕೇಳಿದ್ರು."

"ನೀವೇನಂದ್ರಿ?"

"ಏನನ್ನೋದು ಸಾರ್? ನೀವೇ ಅಂತ ಬಂದ್ವಿ ತಾಯಿ ಅಂದೆ."

ರುಕಿಯಾ ಬರೆಯುವುದನ್ನು ನಿಲ್ಲಿಸಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅಚ್ಚಯ್ಯ ಮಾತ್ರ ನಗಲಿಲ್ಲ.

ಹನ್ನೊಂದು ಗಂಟೆಗೆ ಸ್ಥಳ ಪಂಚನಾಮೆ ನಡೆಯಿತು. ಅಂಗಳದಲ್ಲಿ ಕಾಫಿ ಹಣ್ಣು ಒಣಗಲು ಹರಡಿತ್ತು. ಜಗಲಿಯ ಮಾಡಿನ ಅಂಚಿನಲ್ಲಿ ಐದು ಹೆಂಚು ಒಡೆದಿದ್ದವು. ಮೆಟ್ಟಿಲ ಹತ್ತಿರ ರಕ್ತದ ಹನಿಗಳಿದ್ದವು. ಪಂಚರು ಸಹಿ ಹಾಕಿದರು. ಚಿಣ್ಣವ್ವ ಎಲ್ಲರಿಗೂ ಕಾಫಿ, ಅಕ್ಕಿರೊಟ್ಟಿ ಮಾಡಿಸಿದ್ದರು.

"ಮರಿಮಗ ಹುಟ್ಟಿದ ದಿನ ಮನೆಗೆ ಪೊಲೀಸು ಬಂದ್ರಲ್ಲಾ ಪೆಮ್ಮಯ್ಯ," ಎಂದರು ಮುದುಕಿ.

"ಹೌದಾ! ಯಾವಾಗ ತಾಯಿ?"

"ಇವತ್ತೇ ಬೆಳಿಗ್ಗೆ. ಮೈಸೂರಿನ ಆಸ್ಪತ್ರೆಯಿಂದ ನಂಜಪ್ಪ ಫೋನ್ ಮಾಡಿದ್ದ. ಗಂಡು."

"ನಂಜಪ್ಪನಿಗೆ ಈ ವಿಷಯ ಯಾರೂ ಹೇಳ್ಬೇಡಿ," ಎಂದು ಅಚ್ಚಯ್ಯ ಅವಸರದಲ್ಲಿ ನಡುವೆ ಬಾಯಿ ಹಾಕಿದರು. "ಬಾಣಂತಿ ಜೊತೆ ಇದ್ದಾನೆ. ಊರವರಿಗೂ ಹೇಳಿದ್ದೀನಿ." ಪೆಮ್ಮಯ್ಯ ತಲೆಯಾಡಿಸಿದರು. ಮಗನ ಮನಸ್ಸು ಕೆಡಿಸಬಾರದೆಂಬ ಅಪ್ಪನ ಕಾಳಜಿ ಎಂದುಕೊಂಡರು. ಮನೆಯ ಕೋವಿಯನ್ನು ತೋರಿಸಿ ಎಂದು ಕೇಳಲು ಒಮ್ಮೆ ಬಾಯಿಗೆ ಬಂದಿತ್ತು. ಗುರುವಿನ ಮನೆಯ ರೊಟ್ಟಿ ತಿನ್ನುತ್ತ ಕೇಳುವುದು ಹೇಗೆ? ಕೇಳಲಿಲ್ಲ.

ಮಧ್ಯಾಹ್ನ ಎರಡಕ್ಕೆ ಬೊಳ್ಕನನ್ನು ಕಾಫಿ ಕುಯ್ಯುತ್ತಿದ್ದ ಸಾಲಿನಿಂದಲೇ ಕರೆತಂದರು. ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಜೊತೆಗಿದ್ದ ಮೂವತ್ತು ಜನ ಕೂಲಿಯವರು, ಎಲ್ಲರೂ ಕೈಯಲ್ಲಿ ಹಣ್ಣು ಹಿಡಿದು ನಿಂತು ನೋಡಿದರು.

"ಬೆಳಿಗ್ಗೆ ಏಳೂಮುಕ್ಕಾಲಿಗೆ ಎಲ್ಲಿದ್ದೆ?"

"ಹೊಳೇಲಿ."

"ಏನು ಮಾಡ್ತಿದ್ದೆ?"

"ಏಡಿ ಹಿಡೀತಿದ್ದೆ."

"ಜೊತೆಗೆ ಯಾರಿದ್ರು?"

"ಏಡಿ ಇತ್ತು."

"ತಮಾಷೆ ಮಾಡ್ತೀಯಾ?"

"ಇಲ್ಲ ಸಾಹೇಬ್ರೆ. ಅದನ್ನೂ ಕರ್ಕೊಂಡು ಬರ್ತಿದ್ದೆ. ಹೆಂಡತಿ ಸಾರು ಮಾಡಿಬಿಟ್ಲು."

"ಕೋವಿ ಎಲ್ಲಿ ಬಚ್ಚಿಟ್ಟಿದ್ದೀಯ?"

"ನೀವು ತಗೊಂಡು ಹೋದ್ರಲ್ಲ. ಎರಡು ವರ್ಷ ಆಯ್ತು. ವಾಪಸ್ ಕೊಟ್ರಾ?"

ಲೈನುಮನೆಯನ್ನು ಶೋಧಿಸಿದರು. ಏನೂ ಸಿಗಲಿಲ್ಲ. ಆದರೂ ಬೊಳ್ಕನನ್ನು ಬಿಡಲಿಲ್ಲ. ಮರುದಿನ ಮಧ್ಯಾಹ್ನದೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಹೊಸ ಕೇಸು ಬಿತ್ತೆಂದರೆ ಹಳೆಯ ಜಾಮೀನು ರದ್ದು. ಕಾಫಿ ಕುಯ್ಲು ಮುಗಿಯುವವರೆಗೂ, ಆಮೇಲೂ, ಅವನು ಜೈಲಿನಲ್ಲೇ.

ಬುಧವಾರ ಬೆಳಿಗ್ಗೆ ಪೆಮ್ಮಯ್ಯ ಕೇಸ್ ಡೈರಿ ಬರೆಯಲು ಕುಳಿತರು. ಆರೋಪಿ ಎರಡು ಗುಂಡು ಹಾರಿಸಿದನು ಎಂದು ಬರೆದು ಪೆನ್ನು ಅಲ್ಲೇ ನಿಲ್ಲಿಸಿದರು.

"ರುಕಿಯಾ, ಬೊಳ್ಕನಿಂದ ಹಿಡಿದದ್ದು ಎಂಥ ಕೋವಿ?"

"ಮದ್ದು ಕುಟ್ಟಿ ತುಂಬೋ ನಾಡಕೋವಿ ಸಾರ್. ಒಂಟಿ ನಳಿಗೆ."

"ಅಂಥಾದ್ದೇ ಇನ್ನೊಂದು ಅವನ ಹತ್ರ ಇತ್ತು ಅಂತಲೇ ಇಟ್ಕೊಳ್ಳೋಣ. ಒಂದು ಹೊಡೆದ ಮೇಲೆ ಇನ್ನೊಂದಕ್ಕೆ ಎಷ್ಟು ಹೊತ್ತು ಬೇಕು?"

"ಮದ್ದು ಹಾಕ್ಬೇಕು, ಕುಟ್ಬೇಕು, ಚರೆ ಹಾಕ್ಬೇಕು. ಅಷ್ಟರಲ್ಲಿ ಹಂದಿ ಊಟ ಮುಗಿಸಿ ಮನೆಗೆ ಹೋಗಿರುತ್ತೆ."

"ಕುಶಾಲಪ್ಪ ಏನಂದ್ರು?"

ರುಕಿಯಾ ತಲೆ ಎತ್ತಿದಳು. "ಬೆನ್ನುಬೆನ್ನಿಗೆ ಅಂದ್ರು."

ಇಡೀ ಊರು ಬಿಳಿ ಬಟ್ಟೆ ಉಟ್ಟಿದ್ದೇ ಆ ಕಾರಣಕ್ಕೆ. ನಡುವೆ ಒಂದು ನಿಮಿಷ ಬಿಡುವಿದ್ದಿದ್ದರೆ ಅದನ್ನು ಸಾವಿನ ಸುದ್ದಿಯೆಂದು ಯಾರೂ ತಿಳಿಯುತ್ತಿರಲಿಲ್ಲ. ಉಸಿರಿನ ಹಿಂದೆ ಉಸಿರಿನಂತೆ ಎರಡು ಈಡು ಹೊಡೆಯಬೇಕಾದರೆ ಜೋಡು ನಳಿಗೆಯ ಕೋವಿ ಬೇಕು. ಪೆಮ್ಮಯ್ಯ ಕುಶಾಲಪ್ಪನಿಗೆ ಫೋನ್ ಮಾಡಿದರು.

"ನಿನ್ನೆ ಬೆಳಿಗ್ಗೆ ಒಟ್ಟು ಎಷ್ಟು ಈಡು ಕೇಳಿಸ್ತು?"

"ಎರಡೇ ಸಾರ್."

"ಅದಕ್ಕೆ ಮುಂಚೆ, ಆಮೇಲೆ, ಬಿಡಿಯಾಗಿ ಒಂದು?"

"ಇಲ್ಲವಲ್ಲ."

"ಸರಿಯಾಗಿ ಯೋಚನೆ ಮಾಡಿ ಹೇಳಿ."

"ಎಂಥ ಯೋಚನೆ ಮಾರಾಯ್ರೆ, ಈಡು ಕೇಳಿಸದೆ ಇರೋಕೆ ನನಗೇನು ಚಿಣ್ಣವ್ವನ ಕಿವಿಯಾ?"

ಪೆಮ್ಮಯ್ಯ ಫೋನು ಕೆಳಗಿಟ್ಟರು. ಗಂಡು ಮಗು ಹುಟ್ಟಿದರೆ ಮನೆಯ ಹಿರಿಯ ಅಂಗಳಕ್ಕಿಳಿದು ಆಕಾಶಕ್ಕೆ ಒಂದೇ ಒಂದು ಈಡು ಹೊಡೆಯಬೇಕು. ಕೋವಿಯನ್ನು ದೇವರಂತೆ ಕಂಡ ಅಚ್ಚಯ್ಯ ತನ್ನ ಮೊದಲ ಮೊಮ್ಮಗನಿಗೆ ಆ ಒಂದು ಈಡನ್ನು ಹೊಡೆಯಲಿಲ್ಲವೆ?

ಅರ್ಧ ಗಂಟೆಯಲ್ಲಿ ಜೀಪು ಅಚ್ಚಯ್ಯನವರ ಅಂಗಳದಲ್ಲಿತ್ತು. ಈ ಸಲ ಪೆಮ್ಮಯ್ಯ ಕಾಫಿ ಬೇಡವೆಂದರು. ಏಣಿ ತರಿಸಿ ಮಾಡಿನ ಕೆಳಗೆ ಇಟ್ಟು ತಾವೇ ಹತ್ತಿದರು. ಚರೆಗಳು ಜಂತಿಯ ಕೆಳಮೈಯಲ್ಲಿ ಹೂತಿದ್ದವು. ಹೆಂಚು ಒಳಗಿಂದ ಹೊರಕ್ಕೆ ಸಿಡಿದಿತ್ತು. ಬೇಲಿಯ ಕಡೆಯಿಂದ ಹಾರಿದ ಚರೆ ಮಾಡಿನ ಮೇಲೆ ಬೀಳಬೇಕಿತ್ತು. ಇದನ್ನು ಹೊಡೆದವನು ಮಾಡಿನ ಅಡಿಯಲ್ಲೇ, ಮೆಟ್ಟಿಲ ಹತ್ತಿರ ನಿಂತಿದ್ದ. ನಿನ್ನೆ ಇದೇ ಮಾಡಿನ ಕೆಳಗೆ ಕುಳಿತು ರೊಟ್ಟಿ ತಿಂದಿದ್ದೆ, ತಲೆ ಎತ್ತಿ ನೋಡಲಿಲ್ಲ ಎನ್ನುವುದು ನೆನಪಾಗಿ ಪೆಮ್ಮಯ್ಯನ ಕಿವಿ ಬಿಸಿಯಾಯಿತು. ಎರಡನೆಯ ಪಂಚನಾಮೆ ಬರೆಸಿದರು.

"ಅಚ್ಚಯ್ಯಣ್ಣ, ಮನೆಯ ಕೋವಿ ತರಿಸಿ."

ಕೋವಿ ಬಂತು. ಜೋಡು ನಳಿಗೆಯದು. ಎಣ್ಣೆ ಒರೆಸಿ ಥಳಥಳ ಮಾಡಿದ್ದರೂ ನಳಿಗೆಯೊಳಗಿಂದ ಸುಟ್ಟ ಮದ್ದಿನ ವಾಸನೆ ಬರುತ್ತಿತ್ತು.

"ಬಲಗೈ ತೋರಿಸಿ."

"ಬಿದ್ದಾಗ ತರಚಿದ್ದು ಅಂತ ಹೇಳಿದೆನಲ್ಲ."

"ತೋರಿಸಿ ಅಣ್ಣ."

ಅಚ್ಚಯ್ಯ ನಿಧಾನವಾಗಿ ಕೈ ಬಿಚ್ಚಿದರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮ ಹರಿದಿತ್ತು. ನಡುಬೆರಳಿನ ಗೆಣ್ಣು ನೀಲಿಗಟ್ಟಿ ಊದಿತ್ತು. ಕೋವಿಯನ್ನು ಭುಜಕ್ಕೆ ಕೊಡದೆ ಸಡಿಲವಾಗಿ ಹಿಡಿದರೆ ಅದು ಒದೆಯುತ್ತದೆ. ನಳಿಗೆ ತೆರೆಯುವ ಮೇಲಿನ ಕೀಲಿ ಹೆಬ್ಬೆರಳ ಸಂದಿಯನ್ನು ಹರಿಯುತ್ತದೆ, ಟ್ರಿಗರಿನ ಬಳೆ ನಡುಬೆರಳನ್ನು ಜಜ್ಜುತ್ತದೆ. ಮೊದಲ ದಿನದ ಹುಡುಗರಿಗೆ ಆಗುವ ಗಾಯ ಇದು. ಇಂಥ ಗಾಯ ಮಾಡಿಕೊಂಡವರನ್ನು ಅಚ್ಚಯ್ಯ ಸಾಲಿನ ಮುಂದೆ ನಿಲ್ಲಿಸಿ, "ನಿನ್ನ ಅಜ್ಜಿಗೆ ಕೊಡು ಕೋವಿ, ನೀನು ಹೋಗಿ ಹಸು ಕಾಯಿ," ಎಂದು ಎಲ್ಲರ ಎದುರು ನಗೆಪಾಟಲು ಮಾಡುತ್ತಿದ್ದರು.

"ಎರಡೂ ನಳಿಗೆ ತುಂಬಿದ್ರಾ?"

"ಅಭ್ಯಾಸ," ಎಂದರು ಅಚ್ಚಯ್ಯ. "ಒಂದೇ ತುಂಬಬೇಕಿತ್ತು. ಫೋನ್ ಬಂದ ಕೂಡಲೆ ಕೈ ನಡುಗ್ತಾ ಇತ್ತು. ಖುಷಿಗೆ. ಭುಜಕ್ಕೆ ಕೊಡಲಿಲ್ಲ, ಹಾಗೇ ಮೇಲಕ್ಕೆ ಎತ್ತಿ ಒಂದು ಎಳೆದೆ. ಅದು ಒದ್ದ ಏಟಿಗೆ ಬೆರಳು ಜಾರಿ ಹಿಂದಿನ ಟ್ರಿಗರಿಗೆ ಬಿತ್ತು. ಎರಡನೇದು ನಾನು ಹೊಡೆದದ್ದಲ್ಲ ಪೆಮ್ಮಯ್ಯ, ಅದಾಗೇ ಹೋಯ್ತು. ಕೋವಿ ಬಂದು ಹಣೆಗೆ ಬಡೀತು."

"ಬೊಳ್ಕ?"

ಅಚ್ಚಯ್ಯ ಬಿಚ್ಚಿದ ಕೈಯನ್ನು ಮತ್ತೆ ಮಡಚಿಕೊಂಡರು.

ಬಾಗಿಲಲ್ಲಿ ಕುಳಿತಿದ್ದ ಚಿಣ್ಣವ್ವ ಕಿವಿಗೆ ಕೈ ಆನಿಸಿ ಕೇಳಿದರು. "ಏನಂತೆ? ಇವನೇ ಹೊಡೆದದ್ದಂತಾ?"

"ಹೌದು ತಾಯಿ," ಎಂದಳು ರುಕಿಯಾ ಜೋರಾಗಿ.

ಮುದುಕಿ ಮಗನ ಕಡೆ ತಿರುಗಿದರು. "ಎರಡನೇದು ನನ್ನ ಲೆಕ್ಕಕ್ಕೆ ಅಂತ ಹೇಳೋದಲ್ವೇನೋ. ನಾನು ಹೋಗಿ ಮಲಗ್ತಾ ಇದ್ದೆ. ಹೇಗೂ ಬಿಳಿ ಬಟ್ಟೆ ಹಾಕ್ಕೊಂಡು ಬಂದಿದ್ರು. ಆ ಬಡವನ ತಲೆಗೆ ಕಟ್ಟಿದ್ಯಲ್ಲೋ."

ಹನ್ನೊಂದು ಮುಕ್ಕಾಲಿಗೆ ಕೋವಿಯನ್ನು ಜಪ್ತಿ ಮಾಡಲಾಯಿತು. ನಿರ್ಲಕ್ಷ್ಯದಿಂದ ಗುಂಡು ಹಾರಿಸಿದ್ದು, ಪೊಲೀಸರಿಗೆ ಸುಳ್ಳು ಮಾಹಿತಿ ಕೊಟ್ಟು ನಿರಪರಾಧಿಯನ್ನು ಸಿಕ್ಕಿಸಿದ್ದು, ಈ ಆರೋಪಗಳ ಮೇಲೆ ಅಚ್ಚಯ್ಯನವರನ್ನು ಬಂಧಿಸಲಾಯಿತು. ಅವರು ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತರು. ರುಕಿಯಾ ಕೋವಿಯನ್ನು ಬಟ್ಟೆಯಲ್ಲಿ ಸುತ್ತಿ ಮೊಹರು ಹಾಕುತ್ತಿದ್ದಾಗ ಅವರು ಆ ಕಡೆ ನೋಡಲಿಲ್ಲ. ದಾರಿಯಲ್ಲಿ ಕುಶಾಲಪ್ಪ ಗೇಟಿನ ಬಳಿ ನಿಂತಿದ್ದವರು ಕೈ ಎತ್ತಲು ಹೋಗಿ, ಅರ್ಧಕ್ಕೆ ಇಳಿಸಿದರು.

ಠಾಣೆಯಲ್ಲಿ ಬೊಳ್ಕನಿಗೆ ಹೋಗಬಹುದೆಂದು ಹೇಳಿದರು. ಪೆಮ್ಮಯ್ಯ "ತಪ್ಪಾಯ್ತು ಮಾರಾಯ," ಎಂದಷ್ಟೇ ಹೇಳಿದರು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟವನು ಬೆಂಚಿನ ಮೇಲೆ ಕುಳಿತಿದ್ದ ಅಚ್ಚಯ್ಯನವರ ಎದುರು ನಿಂತ. ಅಚ್ಚಯ್ಯ ಎದ್ದು ನಿಂತರು.

"ಹೊಡೆಯೋಕೆ ಕೈ ನಡುಗಿದ್ರೆ ನನಗೆ ಹೇಳ್ಬೇಕಿತ್ತು ಅಯ್ಯ," ಎಂದ ಬೊಳ್ಕ. "ನಾನೇ ಬಂದು ಒಂದು ಹೊಡೆದು ಹೋಗ್ತಿದ್ದೆ."

ಕಾನ್‌ಸ್ಟೆಬಲ್ ಒಬ್ಬ ನಕ್ಕ. ಬೊಳ್ಕ ನಗಲಿಲ್ಲ. "ನನ್ನ ಮಕ್ಕಳು ನೋಡ್ತಿದ್ರು," ಎಂದು ಹೇಳಿ ಮೆಟ್ಟಿಲಿಳಿದು ಹೋದ. ಅಚ್ಚಯ್ಯ ನಿಂತೇ ಇದ್ದರು.

ಹೇಳಿಕೆ ಬರೆದುಕೊಳ್ಳುವಾಗ ಪೆಮ್ಮಯ್ಯ ಕೇಳಿದರು.

"ಜಾರಿತು ಅಂದಿದ್ರೆ ಮುಗೀತಿತ್ತಲ್ಲ ಅಣ್ಣ. ಊರು ಎರಡು ದಿನ ನಗ್ತಿತ್ತು, ಮರೀತಿತ್ತು. ಯಾಕೆ ಹೀಗೆ ಮಾಡಿದ್ರಿ?"

"ನನ್ನನ್ನು ನೋಡಿ ನಗೋದಾದ್ರೆ ನಗಲಿ," ಎಂದರು ಅಚ್ಚಯ್ಯ. "ಎಲ್ಲ ಬಿಳಿ ಬಟ್ಟೆ ಹಾಕ್ಕೊಂಡು ಗೇಟಿನಿಂದ ಅಳ್ತಾ ಬಂದ್ರು ಪೆಮ್ಮಯ್ಯ. ಮಗು ಹುಟ್ಟಿ ಇನ್ನೂ ಒಂದು ಗಂಟೆ ಆಗಿರಲಿಲ್ಲ. ಹುಟ್ಟಿದ್ದಕ್ಕೆ ಅಜ್ಜ ಸಾವಿನ ಈಡು ಹೊಡೆದ ಅಂತ ಅವನಿಗೆ ಹೆಸರು ನಿಲ್ತದೆ. ಶಾಲೆಗೆ ಹೋದ್ರೂ, ಮದುವೆಗೆ ಹೆಣ್ಣು ನೋಡೋಕೆ ಹೋದ್ರೂ. ಆ ಹೊತ್ತಿಗೆ ಹಣೆಯಿಂದ ರಕ್ತ ಸುರೀತಿತ್ತು. ಯಾರೋ ಹೊಡೆದ್ರಾ ಅಂತ ಕುಶಾಲಪ್ಪನೇ ಕೇಳಿದ. ಹ್ಞೂಂ ಅಂದುಬಿಟ್ಟೆ. ಆ ಒಂದು ಹ್ಞೂಂ ಹಿಂದೆ ತಗೊಳ್ಳೋಕೆ ಆಗಲಿಲ್ಲ."

"ರಾತ್ರಿ ಬೊಳ್ಕ ಇಲ್ಲಿದ್ದದ್ದು ಗೊತ್ತಿತ್ತಾ?"

"ಗೊತ್ತಿತ್ತು."

"ನಿದ್ದೆ ಬಂತಾ?"

"ಅದನ್ನೂ ಬರೀಬೇಕಾ?"

"ಬೇಡ."

ಬಂಧನದ ವಿಷಯವನ್ನು ಮನೆಯವರೊಬ್ಬರಿಗೆ ತಿಳಿಸಲೇಬೇಕು. ಅಚ್ಚಯ್ಯ ಮಗನ ನಂಬರು ಹೇಳಿದರು. ರುಕಿಯಾ ಡಯಲ್ ಮಾಡಿ, ತಾನೇ ಮಾತಾಡಬೇಕೆ ಎನ್ನುವಂತೆ ಪೆಮ್ಮಯ್ಯನ ಕಡೆ ನೋಡಿದಳು. ಪೆಮ್ಮಯ್ಯ ಫೋನನ್ನು ಅಚ್ಚಯ್ಯನವರ ಕೈಗೆ ಕೊಡಿಸಿದರು. ನೋಯುವ ಬಲಗೈಯಲ್ಲೇ ಅವರು ಅದನ್ನು ಹಿಡಿದುಕೊಂಡರು.

"ಮಗ, ನಾನು."

ಆ ಕಡೆಯ ದನಿ ಕೋಣೆಗೆಲ್ಲ ಕೇಳಿಸುವಷ್ಟು ಖುಷಿಯಲ್ಲಿತ್ತು. "ಅಪ್ಪಾ! ನಿನ್ನೆಯಿಂದ ಎಲ್ಲಿ ಹೋಗಿದ್ದಿ? ಮಗು ನಿನ್ನ ಹಾಗೇ ಉಂಟು, ಅದೇ ಮೂಗು. ಈಡು ಹೊಡೆದೆ ತಾನೆ? ಊರಿಗೆಲ್ಲ ಕೇಳಿಸ್ತಾ?"

"ಕೇಳಿಸ್ತು ಮಗ," ಎಂದರು ಅಚ್ಚಯ್ಯ. "ಎರಡು ಹೊಡೆದೆ."